ಆಂಪ್‌ನ ಗೇನ್ ಮಲ್ಟಿಮೀಟರ್ ಹಿಡಿದು ಸೆಟ್ ಮಾಡೋದು ಹೇಗೆ? ಬೆಳಗಾವಿ, ಸ್ವಿಫ್ಟ್ ಗಾಡಿ

ತಿಲಕವಾಡಿ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನನ್ನ ಸ್ವಿಫ್ಟ್‌ಗೆ ಹೊಸದಾಗಿ ಎರಡು ಆಂಪ್ (ಆಂಪ್ಲಿಫೈಯರ್) ಹಾಕಿಸಿದ್ದೇನೆ. ಬಾಗಿಲಿನ ಕಾಂಪೊನೆಂಟ್ ಸ್ಪೀಕರ್‌ಗಳಿಗೆ ನಾಲ್ಕು ಚಾನೆಲ್ ಆಂಪ್, ಚಾನೆಲ್‌ಗೆ 4 ಓಮ್‌ನಲ್ಲಿ 75 ವ್ಯಾಟ್ ಆರ್‌ಎಂಎಸ್ (ಒಂದೇ ಸಮ ಕೊಡಬಲ್ಲ ಶಕ್ತಿ). ಸಬ್ ವೂಫರ್‌ಗೆ ಮೋನೊ ಆಂಪ್, 2 ಓಮ್‌ನಲ್ಲಿ 500 ವ್ಯಾಟ್. ಸ್ಪೀಕರ್ 60 ವ್ಯಾಟ್‌ನವು. ಸಬ್ 10 ಇಂಚಿನದು, ಎರಡು 4 ಓಮ್ ಕಾಯಿಲ್ ಇದೆ, 300 ವ್ಯಾಟ್ ಆರ್‌ಎಂಎಸ್.

ಹಾಕಿಕೊಟ್ಟವರು ಒಂದು ಹಾಡು ಹಚ್ಚಿ, ಕಿವಿಯಲ್ಲೇ ಕೇಳಿ ಗೇನ್ ತಿರುಗಿಸಿ, "ಇಷ್ಟು ಸಾಕು" ಎಂದು ಕಳಿಸಿದರು. ಊರೊಳಗೆ ಚೆನ್ನಾಗಿಯೇ ಕೇಳುತ್ತದೆ. ಹೈವೇಯಲ್ಲಿ ಸ್ಟೀರಿಯೊ 25ರ ಮೇಲೆ ಹೋದರೆ ಹಾಡುವವರ ದನಿ ಒಡೆಯುತ್ತದೆ, ಟ್ವೀಟರ್ ಕಿವಿಗೆ ಚುಚ್ಚುತ್ತದೆ. ಸ್ಟೀರಿಯೊ 40ರ ತನಕ ಇದೆ. ಟೆಸ್ಟ್ ಟೋನ್ (ಒಂದೇ ಶ್ರುತಿಯ ಸದ್ದು) ಹಾಕಿ ಮಲ್ಟಿಮೀಟರ್‌ನಿಂದ ಸೆಟ್ ಮಾಡಬಹುದು ಎಂದು ಕೇಳಿದ್ದೇನೆ. ನನ್ನ ಹತ್ತಿರ ಹಳದಿ ಬಣ್ಣದ ಸಾದಾ ಮೀಟರ್ ಇದೆ, ಡಿಟಿ 830 ಡಿ. ಇದರಲ್ಲಿ ಆಗುತ್ತಾ? ಎಷ್ಟು ವೋಲ್ಟ್‌ಗೆ ಇಡಬೇಕು?

ವೈರಿಂಗ್ ವಿಜಯಪುರ:
ಆಗುತ್ತದೆ ಸರ್. ಆದರೆ ಮೊದಲು ಒಂದು ಮಾತು. ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಆರ್‌ಸಿಎ ವೈರಿನಲ್ಲಿ ಬರುವ ವೋಲ್ಟೇಜ್ ಒಂದೊಂದು ಗಾಡಿಯಲ್ಲಿ ಒಂದೊಂದು ಥರ. ಕೆಲವು ಸ್ಟೀರಿಯೊ 2 ವೋಲ್ಟ್ ಕೊಡುತ್ತವೆ, ಕೆಲವು 4. ಅಷ್ಟು ಬಂದಾಗ ಆಂಪ್ ತನ್ನ ಪೂರ್ತಿ ಶಕ್ತಿ ಮುಟ್ಟಬೇಕು, ಅದನ್ನು ಹೊಂದಿಸುವುದಕ್ಕೆ ಆ ಸ್ಕ್ರೂ ಇರುವುದು. ಅದನ್ನು ಪೂರ್ತಿ ತಿರುಗಿಸಿದರೆ ಆಂಪ್‌ಗೆ ಹೊಸ ಶಕ್ತಿ ಬರುವುದಿಲ್ಲ. ಸ್ಟೀರಿಯೊ ಅರ್ಧಕ್ಕೆ ಬರುವಷ್ಟರಲ್ಲೇ ಆಂಪ್ ಮಿತಿ ಮುಟ್ಟಿಬಿಡುತ್ತದೆ, ಅಷ್ಟೇ. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಅದೇ.

ಲೆಕ್ಕ ಸುಲಭ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಅದೇ ನಿಮಗೆ ಬೇಕಾದ ಎಸಿ ವೋಲ್ಟ್. ವ್ಯಾಟ್ ಯಾವುದು ಹಿಡಿಯಬೇಕು? ಆಂಪ್‌ದು, ಸ್ಪೀಕರ್‌ದು, ಎರಡರಲ್ಲಿ ಕಡಿಮೆ ಇರುವುದನ್ನು. ನಿಮ್ಮ ಬಾಗಿಲಿಗೆ 60 ಗುಣಿಸು 4, ಅಂದರೆ 240. ವರ್ಗಮೂಲ 15.5 ವೋಲ್ಟ್. ಸಬ್‌ನ ಎರಡು ಕಾಯಿಲ್ ಪ್ಯಾರಲಲ್ ಮಾಡಿದ್ದರೆ 2 ಓಮ್ ಆಗುತ್ತದೆ. 300 ಗುಣಿಸು 2, ಅಂದರೆ 600. ವರ್ಗಮೂಲ 24.5 ವೋಲ್ಟ್. ಆಂಪ್ ಮೇಲೆ 500 ಎಂದು ಬರೆದಿದೆಯಲ್ಲಾ ಎಂದು 31.6ಕ್ಕೆ ಇಡಬೇಡಿ. ಸಬ್ ಸುಡುತ್ತದೆ. ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿರುವ ಪೀಕ್ ವ್ಯಾಟ್, ಮ್ಯಾಕ್ಸ್ ವ್ಯಾಟ್ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ. ಆರ್‌ಎಂಎಸ್ ಮಾತ್ರ.

ಈಗ ಕೆಲಸ. ಸ್ಟೀರಿಯೊದಲ್ಲಿ ಈಕ್ವಲೈಜರ್ ಫ್ಲಾಟ್, ಲೌಡ್‌ನೆಸ್ ಆಫ್, ಬೇಸ್ ಬೂಸ್ಟ್ ಆಫ್, ಬ್ಯಾಲೆನ್ಸ್ ಮತ್ತು ಫೇಡರ್ ಮಧ್ಯದಲ್ಲಿ. ಸಬ್ ಲೆವೆಲ್ ಬೇರೆ ಇದ್ದರೆ ಸೊನ್ನೆ. ಆಂಪ್‌ನಲ್ಲೂ ಬೇಸ್ ಬೂಸ್ಟ್ ಸೊನ್ನೆ, ಗೇನ್ ಪೂರ್ತಿ ಕೆಳಗೆ. ಸ್ಪೀಕರ್ ವೈರುಗಳನ್ನು ಆಂಪ್‌ನಿಂದ ಬಿಚ್ಚಿಡಿ. ಬಿಚ್ಚದೆ ಟೋನ್ ಹಾಕಿದರೆ ಸ್ಪೀಕರ್‌ಗೂ ಕೇಡು, ಅಕ್ಕಪಕ್ಕದ ಮನೆಯವರಿಗೂ ತೊಂದರೆ. ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ, ಎರಡು ಪ್ರೋಬನ್ನು ಆಂಪ್‌ನ ಸ್ಪೀಕರ್ ಪ್ಲಸ್ ಮತ್ತು ಮೈನಸ್‌ಗೆ ಹಿಡಿಯಿರಿ. ಸ್ಟೀರಿಯೊ 30ಕ್ಕೆ ತನ್ನಿ, 40ರಲ್ಲಿ ಮುಕ್ಕಾಲು. ಸಬ್‌ಗೆ 50 ಹರ್ಟ್ಸ್ ಟೋನ್, ಬಾಗಿಲಿಗೆ 1000 ಹರ್ಟ್ಸ್. ಎರಡೂ 0 ಡೆಸಿಬೆಲ್‌ನವು ಇರಲಿ, ಅಂದರೆ ಫೈಲಿನಲ್ಲಿ ಇಡಬಹುದಾದ ಅತಿ ಜೋರಿನ ಮಟ್ಟ. ಆಮೇಲೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಗೇನ್ ನಿಧಾನವಾಗಿ ಏರಿಸಿ.

ಆ ಸ್ಕ್ರೂ ಬಹಳ ನಾಜೂಕು. ಮೊದಲರ್ಧ ತಿರುಗಿಸಿದರೂ ಅಂಕಿ 3, 4 ಅಂತ ತೆವಳುತ್ತಿರುತ್ತದೆ. ಕೊನೆಗೆ ಬಂದಾಗ ಕೂದಲೆಳೆಯಷ್ಟು ತಿರುಗಿಸಿದರೂ ಥಟ್ಟನೆ ಎರಡು ಮೂರು ವೋಲ್ಟ್ ಹಾರುತ್ತದೆ. ಒತ್ತಿ ಹಿಡಿದರೆ ಒಂದು ಅಂಕಿ, ಸ್ಕ್ರೂಡ್ರೈವರ್ ತೆಗೆದರೆ ಇನ್ನೊಂದು. ಹಾಗಾಗಿ ತೆಗೆದ ಮೇಲೆ ಏನು ತೋರಿಸುತ್ತದೋ ಅದನ್ನೇ ನಂಬಿ. ಸರಿ ಆದಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆ ಇಡಿ. ಸರ್ವಿಸ್‌ಗೆ ಕೊಟ್ಟಾಗ ಯಾರಾದರೂ ಕೈಯಾಡಿಸಿದರೆ ಗೊತ್ತಾಗುತ್ತದೆ.

ಲ್ಯಾಬ್ ಬಾಗಲಕೋಟೆ:
ವಿಜಯಪುರದ ಅಣ್ಣ ಹೇಳಿದ್ದು ಸರಿ. ನಾನು ಮೀಟರ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಎಲ್ಲರೂ ಎಡವುವ ಜಾಗ ಇದು.

ಡಿಟಿ 830 ಡಿ ಮೀಟರ್‌ನಲ್ಲಿ ಎಸಿಗೆ ಎರಡೇ ರೇಂಜ್. 200 ಮತ್ತು 750. 200ರ ರೇಂಜ್‌ನಲ್ಲಿ 0.1 ವೋಲ್ಟ್‌ಗಿಂತ ಸಣ್ಣದು ಕಾಣುವುದಿಲ್ಲ. ಅದರ ಕೈಪಿಡಿಯಲ್ಲಿರುವ ತಪ್ಪಿನ ಅಂದಾಜು ಸೇರಿಸಿದರೆ 20 ವೋಲ್ಟ್ ಹತ್ತಿರ ಒಂದು ವೋಲ್ಟ್ ಆಚೀಚೆ ಆಗಬಹುದು. ಅದು ದೊಡ್ಡ ಮಾತಲ್ಲ, ಒಂದು ವೋಲ್ಟ್ ಕಡಿಮೆಗೇ ಇಟ್ಟರೆ ಆಯಿತು. ನಿಜವಾದ ತೊಡಕು ಬೇರೆ. ಇಂಥ ಮೀಟರ್‌ಗಳು ಮನೆಯ 50 ಹರ್ಟ್ಸ್ ಕರೆಂಟ್ ಅಳೆಯಲು ಮಾಡಿದವು. ಸುಮಾರು 400 ಹರ್ಟ್ಸ್ ತನಕ ಮಾತ್ರ ಸರಿ ಎಂದು ಕೈಪಿಡಿಯಲ್ಲೇ ಇರುತ್ತದೆ. 1000 ಹರ್ಟ್ಸ್ ಟೋನ್ ಹಾಕಿದರೆ ಅಂಕಿ ಕಡಿಮೆ ತೋರಿಸಬಹುದು. ನೀವು 15.5 ಬರಲಿ ಎಂದು ಗೇನ್ ಏರಿಸುತ್ತಾ ಹೋಗುತ್ತೀರಿ. ಅಲ್ಲಿ ನಿಜವಾಗಿ 18 ಇರಬಹುದು.

ಇದಕ್ಕೆ ಹೊಸ ಮೀಟರ್ ಕೊಳ್ಳಬೇಕಂತೇನಿಲ್ಲ. ನಾಲ್ಕು ಚಾನೆಲ್ ಆಂಪ್‌ನ ಕ್ರಾಸ್‌ಓವರ್ (ಬೇಸ್ ಮತ್ತು ಮೇಲಿನ ದನಿ ಬೇರ್ಪಡಿಸುವ ಫಿಲ್ಟರ್) ಸ್ವಿಚ್ ಆಫ್‌ಗೆ ಹಾಕಿ, 300 ಹರ್ಟ್ಸ್ ಟೋನ್‌ನಲ್ಲೇ ಗೇನ್ ಇಡಿ. ಫಿಲ್ಟರ್ ಇಲ್ಲದಾಗ ಆಂಪ್ 300ಕ್ಕೂ 1000ಕ್ಕೂ ಒಂದೇ ಗೇನ್ ಕೊಡುತ್ತದೆ. ಕೆಲಸ ಮುಗಿದ ಮೇಲೆ ಕ್ರಾಸ್‌ಓವರ್ ಮತ್ತೆ ಹಾಕುವುದನ್ನು ಮಾತ್ರ ಮರೆಯಬೇಡಿ. ಮರೆತರೆ ಬಾಗಿಲಿನ ಸಣ್ಣ ಸ್ಪೀಕರ್‌ಗೆ ಪೂರ್ತಿ ಬೇಸ್ ಹೋಗುತ್ತದೆ.

ಸಬ್ ಕಡೆಗೂ ಇದೇ ಎಚ್ಚರ. ಲೋ ಪಾಸ್ (ಬೇಸ್ ಮಾತ್ರ ಬಿಡುವ ಫಿಲ್ಟರ್) 50 ಹರ್ಟ್ಸ್‌ಗೆ ಇಟ್ಟು 50 ಹರ್ಟ್ಸ್ ಟೋನ್ ಹಾಕಿದರೆ ಆ ಜಾಗದಲ್ಲಿ ಫಿಲ್ಟರ್ 3 ಡೆಸಿಬೆಲ್ ತಿಂದಿರುತ್ತದೆ. ಮೀಟರ್ 24.5 ತೋರಿಸಿದರೂ 30 ಹರ್ಟ್ಸ್‌ನಲ್ಲಿ ಅದು 34ರ ಹತ್ತಿರ ಹೋಗಲು ನೋಡುತ್ತದೆ. ಸೆಟ್ ಮಾಡುವಾಗ ಲೋ ಪಾಸ್ ಪೂರ್ತಿ ಮೇಲಕ್ಕೆ, ತೀರಾ ಕೆಳಗಿನ ಬೇಸ್ ತಡೆಯುವ ಸಬ್‌ಸೋನಿಕ್ ಫಿಲ್ಟರ್ ಪೂರ್ತಿ ಕೆಳಕ್ಕೆ.

ಕಬ್ಬಿನ ಗಾಡಿ ಮುಧೋಳ:
ಅಣ್ಣಾರ, ನಂದು ಕಾರ್ ಅಲ್ಲ, ಟ್ರ್ಯಾಕ್ಟರ್. ಸೀಜನ್‌ನಲ್ಲಿ ರಾತ್ರಿಯೆಲ್ಲಾ ಫ್ಯಾಕ್ಟರಿ ಮುಂದೆ ಪಾಳಿ ಹಚ್ಚಬೇಕು, ಹಾಡಿಲ್ಲದೆ ಹೊತ್ತು ಹೋಗಲ್ಲ. ಮೋನೊ ಆಂಪ್ 500 ವ್ಯಾಟ್, ಎರಡು 12 ಇಂಚಿನ ಸ್ಪೀಕರ್. ಪ್ರತಿ ಸೀಜನ್ ಒಂದಾದರೂ ಕಾಯಿಲ್ ಸುಡುತ್ತದೆ. ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ಹಾಕಿಕೊಟ್ಟವರು ಗೇನ್, ಬೇಸ್ ಬೂಸ್ಟ್ ಎರಡೂ ಫುಲ್ ಇಟ್ಟಿದ್ದಾರೆ. "ಸ್ಪೀಕರ್ ವೀಕ್, ದೊಡ್ಡದು ಹಾಕು" ಅಂತಾರೆ. ಸ್ಪೀಕರ್ 400 ವ್ಯಾಟ್ ಆರ್‌ಎಂಎಸ್ ಒಂದೊಂದು. ಎರಡು ಸೇರಿ 800 ಆಯ್ತಲ್ಲ, ಆಂಪ್ 500. ಮತ್ತೆ ಯಾಕೆ ಸುಡಬೇಕು?

ಲ್ಯಾಬ್ ಬಾಗಲಕೋಟೆ:
ಒಳ್ಳೆಯ ಪ್ರಶ್ನೆ. ಆಂಪ್ ಕೊಡಬಲ್ಲ ವೋಲ್ಟೇಜ್‌ಗೆ ಒಂದು ಎತ್ತರದ ಮಿತಿ ಇದೆ. ಗೇನ್ ಜಾಸ್ತಿ ಆದಾಗ ಅಲೆ ಆ ಮಿತಿಗಿಂತ ಮೇಲೆ ಹೋಗಲು ನೋಡುತ್ತದೆ, ಆಗ ತಗ್ಗು ಸೇತುವೆ ಕೆಳಗೆ ನುಗ್ಗಿದ ಕಬ್ಬಿನ ಲೋಡಿನ ಹಾಗೆ ತಲೆ ಸವರಿ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಸರಿಯಾದ ದುಂಡು ಅಲೆಗಿಂತ ಪೂರ್ತಿ ಚೌಕವಾದ ಅಲೆಯಲ್ಲಿ, ಎತ್ತರ ಅಷ್ಟೇ ಇದ್ದರೂ, ಎರಡು ಪಟ್ಟು ಶಕ್ತಿ ಇರುತ್ತದೆ. ಅಂದರೆ ನಿಮ್ಮ 500 ವ್ಯಾಟ್ ಆಂಪ್ ತೀರಾ ಕ್ಲಿಪ್ ಆದಾಗ 1000ದ ಕಡೆ ಹೋಗಲು ನೋಡುತ್ತದೆ. ಬ್ಯಾಟರಿ ಅಷ್ಟು ಕೊಡದೇ ಇರಬಹುದು. ಆದರೂ ಹಾಡಿನ ಏರಿಳಿತ ಎಲ್ಲ ಹೋಗಿ, ಕಾಯಿಲ್‌ಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಗಂಟೆಗಟ್ಟಲೆ ಹಾಗೇ ಬಾರಿಸಿದರೆ ಸುಡದೆ ಇನ್ನೇನು?

ಬೇಸ್ ಬೂಸ್ಟ್ ಇನ್ನೂ ಕೆಟ್ಟದ್ದು. ಸಾಮಾನ್ಯವಾಗಿ 45 ಹರ್ಟ್ಸ್ ಆಸುಪಾಸು 12 ಡೆಸಿಬೆಲ್ ತನಕ ಏರಿಸುತ್ತದೆ. 12 ಡೆಸಿಬೆಲ್ ಅಂದರೆ ವೋಲ್ಟೇಜ್ ನಾಲ್ಕು ಪಟ್ಟು, ವ್ಯಾಟ್ ಹದಿನಾರು ಪಟ್ಟು. ಯಾವ ಆಂಪ್ ಹತ್ತಿರ ಅಷ್ಟು ಇರುತ್ತದೆ? ಇವತ್ತೇ ಸೊನ್ನೆಗೆ ತಿರುಗಿಸಿ.

ವೈರಿಂಗ್ ವಿಜಯಪುರ:
ಟ್ರ್ಯಾಕ್ಟರ್ ಅಣ್ಣಗೆ ಇನ್ನೊಂದು. ಕ್ಲಾಸ್ ಡಿ ಆಂಪ್ 500 ವ್ಯಾಟ್ ಪೂರ್ತಿ ಕೊಡುವಾಗ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ. ನಿಮ್ಮ ಆಲ್ಟರ್ನೇಟರ್ ಮೇಲಿನ ಪ್ಲೇಟ್ ಓದಿ ನೋಡಿ, ಅದು ಎಷ್ಟು ಕೊಡುತ್ತದೆ, ಅದರಲ್ಲಿ ಹೆಡ್‌ಲೈಟ್‌ಗೆ ಎಷ್ಟು ಹೋಗುತ್ತದೆ ಎಂದು. ಪಾಳಿಯಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ ಹಾಡು ಹಚ್ಚಿದರೆ ಬ್ಯಾಟರಿ ವೋಲ್ಟೇಜ್ ಬೀಳುತ್ತದೆ. ಆಂಪ್‌ನ ಮಿತಿಯೂ ಬೀಳುತ್ತದೆ. ಇಂಜಿನ್ ಓಡುವಾಗ ಕ್ಲಿಪ್ ಆಗದ ಹಾಡು ಆಗ ಕ್ಲಿಪ್ ಆಗುತ್ತದೆ. ನಿಂತಾಗ ವಾಲ್ಯೂಮ್ ಇಳಿಸಿ. ರಸ್ತೆಯಲ್ಲಂತೂ ಹಿಂದಿನ ಗಾಡಿಯ ಹಾರ್ನ್ ಕೇಳುವಷ್ಟು ಇರಲಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವವರು ನೀವು, ಇದು ಜೀವದ ಪ್ರಶ್ನೆ.

ಫ್ಯೂಸ್ ಇದೆಯಾ? ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಆಂಪ್ ಮೇಲಿರುವ ಫ್ಯೂಸ್ ಆಂಪ್‌ಗೆ, ಇದು ವೈರ್‌ಗೆ. ವೈರ್ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹತ್ತುವುದು ಇದಿಲ್ಲದಿದ್ದಾಗಲೇ. ಸುತ್ತ ಕಬ್ಬಿನ ರವದಿ ಬೇರೆ ಇರುತ್ತದೆ.

ಹಳೆ ಹಾಡು ಗೋಕಾಕ:
ನನ್ನದು ಬೇರೆ ಅನುಭವ. ನಾನು ಇದೇ ಲೆಕ್ಕದಲ್ಲಿ, 0 ಡೆಸಿಬೆಲ್ ಟೋನ್ ಹಾಕಿ ಗೇನ್ ಇಟ್ಟೆ. ಹೊಸ ಸಿನಿಮಾ ಹಾಡಿಗೆ ಭರ್ಜರಿ. ಆದರೆ ನಾನು ಕೇಳುವುದು ಜಾಸ್ತಿ ಹಳೆಯ ರಂಗಗೀತೆ, ವಚನ, ಕ್ಯಾಸೆಟ್‌ನಿಂದ ಇಳಿಸಿಕೊಂಡ ಡೊಳ್ಳಿನ ಪದ. ಅವು ವಾಲ್ಯೂಮ್ 30ರಲ್ಲೂ ಪಿಸುಗುಟ್ಟಿದ ಹಾಗೆ ಕೇಳುತ್ತವೆ. ಹಾಗಾಗಿ ಮೈನಸ್ 5 ಡೆಸಿಬೆಲ್, ಅಂದರೆ ಅದಕ್ಕಿಂತ ಮೆಲ್ಲಗಿನ ಟೋನ್‌ನಿಂದ ಮತ್ತೆ ಸೆಟ್ ಮಾಡಿದೆ. ಈಗ ಜೀವ ಬಂದಿದೆ. 0 ಡೆಸಿಬೆಲ್‌ನಲ್ಲೇ ಇಡಿ ಎಂದು ಎಲ್ಲರಿಗೂ ಹೇಳುವುದು ಸರಿಯಲ್ಲ ಅನ್ನಿಸುತ್ತದೆ.

ವೈರಿಂಗ್ ವಿಜಯಪುರ:
ಸರ್, ನೀವು ಒಬ್ಬರೇ ಓಡಿಸುವ ಗಾಡಿ, ನಿಮ್ಮ ಕೈ ನಿಮ್ಮ ಹತೋಟಿಯಲ್ಲಿದೆ. ನಾನು ಗಿರಾಕಿಗೆ ಮಾಡಿಕೊಡುವಾಗ 0 ಡೆಸಿಬೆಲ್ ಬಿಟ್ಟು ಕದಲುವುದಿಲ್ಲ. ಮನೆಯ ಹುಡುಗರು ಗಾಡಿ ತೆಗೆದುಕೊಂಡು ಹೋಗಿ ಹೊಸ ಹಾಡನ್ನು ಅದೇ 30ಕ್ಕೆ ಇಡುತ್ತಾರೆ. ಆಗ ಸುಡುವ ಸ್ಪೀಕರ್ ನನ್ನ ಬಾಗಿಲಿಗೇ ಬರುತ್ತದೆ.

ಲ್ಯಾಬ್ ಬಾಗಲಕೋಟೆ:
ಇಬ್ಬರ ಮಾತಿನಲ್ಲೂ ಹುರುಳಿದೆ. ತಿಲಕವಾಡಿಯವರ ಸಬ್ ಲೆಕ್ಕವನ್ನೇ ನೋಡೋಣ. ಮೈನಸ್ 5 ಟೋನ್‌ನಲ್ಲಿ 24.5 ವೋಲ್ಟ್‌ಗೆ ಇಟ್ಟರೆ, 0 ಡೆಸಿಬೆಲ್ ಬಂದಾಗ ಅದು 1.78 ಪಟ್ಟು, ಅಂದರೆ 43.6 ವೋಲ್ಟ್ ಕೇಳುತ್ತದೆ. ಆಂಪ್ ಕೊಡಬಲ್ಲದ್ದು 31.6. ಕ್ಲಿಪ್ ಆಗೇ ಆಗುತ್ತದೆ. ಆದರೆ ಹಾಡಿನಲ್ಲಿ 50 ಹರ್ಟ್ಸ್ ಒಂದೇ 0 ಡೆಸಿಬೆಲ್ ಮುಟ್ಟುವುದು ಅಪರೂಪ, ದನಿ, ತಬಲಾ, ಕೀಬೋರ್ಡ್ ಎಲ್ಲ ಸೇರಿ ಮುಟ್ಟುವುದು ಅದು. ಹಾಗಾಗಿ ಸ್ವಲ್ಪ ಸಡಿಲ ಕೊಡಬಹುದು. 24.5ಕ್ಕೂ 31.6ಕ್ಕೂ ನಡುವೆ ಇರುವುದು 2.2 ಡೆಸಿಬೆಲ್ ಮಾತ್ರ. ಮೈನಸ್ 2 ಅಥವಾ ಮೈನಸ್ 3 ಟೋನ್ ಹಿಡಿದರೆ ಹಳೆ ಹಾಡಿಗೂ ಸ್ವಲ್ಪ ದನಿ ಸಿಗುತ್ತದೆ, ಕ್ಲಿಪ್ಪಿಂಗ್ ಕೂಡ ಕೈಮೀರುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಕ್ಯಾಸೆಟ್‌ನಿಂದ ಇಳಿಸಿದ ಹಾಡನ್ನು ಕಂಪ್ಯೂಟರ್‌ನಲ್ಲೇ ನಾರ್ಮಲೈಸ್ ಮಾಡಿ, ಅಂದರೆ ದನಿಯ ಮಟ್ಟ ಏರಿಸಿ, ಪೆನ್‌ಡ್ರೈವ್‌ಗೆ ಹಾಕಿ. ಹಳೆ ಹಾಡಿನ ಕೊರತೆಯನ್ನು ಹಾಡಿನಲ್ಲೇ ಸರಿಮಾಡಬಹುದು, ಅದಕ್ಕೆ ಆಂಪ್‌ನ ಗೇನ್ ಯಾಕೆ ಮುಟ್ಟಬೇಕು? ಒಳ್ಳೆಯ ಪದಗಳಿವೆ ನಮ್ಮ ಕಡೆ, ಕ್ಯಾಸೆಟ್ ಹಾಳಾಗುವ ಮುಂಚೆ ಇಳಿಸಿಟ್ಟದ್ದೇ ದೊಡ್ಡ ಕೆಲಸ ಮಾಡಿದ್ದೀರಿ.

ಹಳೆ ಹಾಡು ಗೋಕಾಕ:
ಇದು ಹೊಳೆದಿರಲಿಲ್ಲ. ಈ ಭಾನುವಾರ ಮಾಡಿ ನೋಡುತ್ತೇನೆ.

ತಿಲಕವಾಡಿ ಸ್ವಿಫ್ಟ್:
ಬಹಳ ಉಪಕಾರವಾಯಿತು. ಎರಡು ಸಂಶಯ. ಸ್ಟೀರಿಯೊ ಮುಕ್ಕಾಲು ಎಂದಿರಿ. ಅಲ್ಲಿ ಸ್ಟೀರಿಯೊ ತಾನೇ ಕ್ಲಿಪ್ ಆಗುತ್ತಿದ್ದರೆ? ಇನ್ನೊಂದು, ಟೋನ್ ಅನ್ನು ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಕಬಹುದಾ?

ಲ್ಯಾಬ್ ಬಾಗಲಕೋಟೆ:
ಮೊದಲನೆಯದಕ್ಕೆ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಕಣ್ಣಿಗೇ ಕಾಣುತ್ತದೆ. ಮೀಟರ್‌ನಲ್ಲಿ ಕ್ಲಿಪ್ಪಿಂಗ್ ಕಾಣುವುದಿಲ್ಲ, ತಲೆ ಕತ್ತರಿಸಿದ ಅಲೆಗೂ ಅದು ಒಂದು ಅಂಕಿ ತೋರಿಸುತ್ತದೆ. ಆದರೂ ಒಂದು ದಾರಿ ಇದೆ. ಗೇನ್ ಕಡಿಮೆ ಇಟ್ಟು, ಆಂಪ್ ಔಟ್‌ಪುಟ್‌ನಲ್ಲಿ ಮೀಟರ್ ಹಿಡಿದು, ಸ್ಟೀರಿಯೊ ವಾಲ್ಯೂಮ್ 24ರಿಂದ ಒಂದೊಂದೇ ಏರಿಸುತ್ತಾ ಅಂಕಿ ಬರೆದುಕೊಳ್ಳಿ. ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ ಒಂದೇ ಪಟ್ಟಿನಲ್ಲಿ ಏರುತ್ತಾ ಹೋಗಬೇಕು. ಯಾವಾಗ ಏರಿಕೆ ಒಮ್ಮೆಲೇ ಸಣ್ಣದಾಗುತ್ತದೋ ಅಲ್ಲಿ ಸ್ಟೀರಿಯೊ ಸೋತಿದೆ. ಅದಕ್ಕಿಂತ ಎರಡು ಹೆಜ್ಜೆ ಕೆಳಗೆ ನಿಮ್ಮ ಮೇಲಿನ ಮಿತಿ. ಹೀಗೆ ಮಾಡುವಾಗ ಆಂಪ್ ತನ್ನ ಮಿತಿಯ ಹತ್ತಿರ ಬರಬಾರದು, ಬಂದರೆ ಯಾವುದು ಸೋತದ್ದು ಗೊತ್ತಾಗುವುದಿಲ್ಲ.

ಬ್ಲೂಟೂತ್ ಬೇಡ. ಫೋನಿನ ವಾಲ್ಯೂಮ್ ಒಂದು, ಸ್ಟೀರಿಯೊ ವಾಲ್ಯೂಮ್ ಒಂದು, ಫೋನಿನೊಳಗಿನ ಈಕ್ವಲೈಜರ್ ಬೇರೆ. ಟೋನ್ ಅನ್ನು ವೇವ್ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನೀವೇ ಮಾಡಿಕೊಳ್ಳಬಹುದು, ಆಂಪ್ಲಿಟ್ಯೂಡ್ 1 ಎಂದು ಕೊಟ್ಟರೆ ಅದೇ 0 ಡೆಸಿಬೆಲ್. ಆನಂತರ ಫೋನಿನಿಂದ ಹಾಡು ಕೇಳುವುದಾದರೆ ಫೋನ್ ವಾಲ್ಯೂಮ್ ಪೂರ್ತಿ ಇಟ್ಟು ಸ್ಟೀರಿಯೊದಲ್ಲಿ ಏರಿಸಿ ಇಳಿಸಿ.

ಇನ್ನೂ ಒಂದು ವಿಷಯ ಹೇಳಲೇಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಇಂಥದೇ 500 ವ್ಯಾಟ್ ಆಂಪ್ ಇಟ್ಟು ನೋಡಿದ್ದೆವು, 12.6 ವೋಲ್ಟ್ ಬ್ಯಾಟರಿ ಮೇಲೆ. ಸ್ಪೀಕರ್ ಇಲ್ಲದೆ 31 ವೋಲ್ಟ್ ತನಕ ಅಲೆ ದುಂಡಗಿತ್ತು. 2 ಓಮ್‌ನ ದೊಡ್ಡ ವೈರ್‌ವೌಂಡ್ ರೆಸಿಸ್ಟರ್ ಲೋಡ್ ಕೊಟ್ಟ ತಕ್ಷಣ 27ಕ್ಕೇ ತಲೆ ಚಪ್ಪಟೆಯಾಯಿತು. 27 ವೋಲ್ಟ್ ಅಂದರೆ 365 ವ್ಯಾಟ್ ಆಸುಪಾಸು. ಕಂಪನಿ ಹೇಳುವ 500 ಬಂದದ್ದು 14.4 ವೋಲ್ಟ್ ಮೇಲೆ. ಮೀಟರ್ ಲೆಕ್ಕ ಸ್ಪೀಕರ್ ಬಿಚ್ಚಿ ಮಾಡುವುದರಿಂದ ಈ ಕುಸಿತ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೇ ನಾನು ಹೇಳುವುದು, ಲೆಕ್ಕದಲ್ಲಿ ಬಂದ ವೋಲ್ಟ್ ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ. ನಿಮ್ಮ ಸಬ್‌ಗೆ 24.5 ಸಾಕಾಗಿರುವುದರಿಂದ ನಿಮಗೆ ಜಾಗ ಇದೆ. ಆಂಪ್ ಪೂರ್ತಿ ಬಳಸುವವರು ಮಾತ್ರ ಒಂದೆರಡು ವೋಲ್ಟ್ ಕಡಿಮೆಗೆ ನಿಲ್ಲಬೇಕು.

ವೈರಿಂಗ್ ವಿಜಯಪುರ:
ಇಂಜಿನ್ ಚಾಲೂ ಇಟ್ಟೇ ಸೆಟ್ ಮಾಡಿ. ಆದರೆ ಶೆಡ್ ಒಳಗೆ ಬೇಡ, ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಜಾಗದಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ.

ಅರ್ಥಿಂಗ್ ಕೂಡ ಇದೇ ಮೀಟರ್‌ನಿಂದ ನೋಡಿಬಿಡಿ. ಹಾಡು ಜೋರಾಗಿ ಹಚ್ಚಿ, ಮೀಟರ್ ಡಿಸಿಗೆ ತಿರುಗಿಸಿ, ಒಂದು ಪ್ರೋಬ್ ಆಂಪ್‌ನ ಗ್ರೌಂಡ್ ಸ್ಕ್ರೂಗೆ, ಇನ್ನೊಂದು ಉದ್ದ ವೈರ್ ಕಟ್ಟಿ ಬ್ಯಾಟರಿ ಮೈನಸ್‌ಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಗ್ರೌಂಡ್ ಸರಿಯಿಲ್ಲ. ಹಿಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿ ನೋಡಿ. ಎಷ್ಟೋ ಗಾಡಿಗಳಲ್ಲಿ ಪೇಂಟ್ ಕೆರೆಯದೆ ಅದರ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಪೇಪರ್ ಹಾಕಿ ತಿಕ್ಕಿ, ಲೋಹ ಹೊಳೆಯುವ ತನಕ. ಬೆಳಗಾವಿ ಮಳೆಗೆ ಅಲ್ಲಿ ತುಕ್ಕು ಹಿಡಿಯದ ಹಾಗೆ ಮೇಲೆ ಸ್ವಲ್ಪ ಗ್ರೀಸ್ ಸವರಿ. ಎಕ್ಸಿಲರೇಟರ್ ಒತ್ತಿದ ಹಾಗೆಲ್ಲಾ ಸ್ಪೀಕರ್‌ನಲ್ಲಿ ಕೂಂ ಎಂಬ ಸದ್ದು ಏರುತ್ತಿದ್ದರೆ ಅದಕ್ಕೂ ಬಹಳ ಸಲ ಇದೇ ಕಾರಣ.

ಕಬ್ಬಿನ ಗಾಡಿ ಮುಧೋಳ:
ನಾಲ್ಕು ಚಾನೆಲ್ ಆಂಪ್ ಬ್ರಿಡ್ಜ್ ಮಾಡಿದವರು, ಅಂದರೆ ಎರಡು ಚಾನೆಲ್ ಕೂಡಿಸಿ ಒಂದು ಮಾಡಿಕೊಂಡವರು, ಮೀಟರ್ ಎಲ್ಲಿ ಹಿಡಿಯಬೇಕು? ತಮ್ಮನ ಬೊಲೆರೊದಲ್ಲಿ ಹಾಗಿದೆ.

ಲ್ಯಾಬ್ ಬಾಗಲಕೋಟೆ:
ಬ್ರಿಡ್ಜ್ ಗುರುತಿರುವ ಪ್ಲಸ್ ಮತ್ತು ಮೈನಸ್ ನಡುವೆ. ಒಂದು ಪ್ರೋಬ್ ಗಾಡಿಯ ಬಾಡಿಗೆ ಹಿಡಿಯಬೇಡಿ. ಅಲ್ಲಿನ ಮೈನಸ್ ಬಾಡಿಯ ಮೈನಸ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಆ ಎರಡು ಚಾನೆಲ್‌ನ ಗೇನ್ ಸ್ಕ್ರೂ ಬೇರೆ ಬೇರೆ ಇದ್ದರೆ ಎರಡೂ ಒಂದೇ ಮಟ್ಟಕ್ಕೆ ಇರಬೇಕು.

ತಿಲಕವಾಡಿ ಸ್ವಿಫ್ಟ್:
ಮಾಡಿದೆ. ಸ್ಟೀರಿಯೊ 31ರ ತನಕ ಸರಿಯಾಗಿ ಏರಿತು, 32ರಿಂದ ಏರಿಕೆ ಕುಗ್ಗಿತು. ಹಾಗಾಗಿ 30ಕ್ಕೆ ನಿಂತೆ. ಮುಟ್ಟುವ ಮುಂಚೆ ಬಾಗಿಲಿನ ಚಾನೆಲ್ 30ರಲ್ಲಿ 24 ವೋಲ್ಟ್ ತೋರಿಸುತ್ತಿತ್ತು. ಆಂಪ್‌ನ 75 ವ್ಯಾಟ್ ಗುಣಿಸು 4 ಓಮ್, ವರ್ಗಮೂಲ 17.3. ಅಂದರೆ 17.3ರ ಆಂಪ್ ಬಹಳ ಹಿಂದೆಯೇ ಕ್ಲಿಪ್ ಆಗುತ್ತಿತ್ತು, ಅಲ್ವಾ? ಈಗ 300 ಹರ್ಟ್ಸ್‌ನಲ್ಲಿ 15ಕ್ಕೆ ಇಟ್ಟಿದ್ದೇನೆ. ಸಬ್ 50 ಹರ್ಟ್ಸ್‌ನಲ್ಲಿ 24. ಗ್ರೌಂಡ್ 0.7 ವೋಲ್ಟ್ ಇತ್ತು, ಪೇಂಟ್ ಕೆರೆದ ಮೇಲೆ 0.2. ದನಿ ಒಡೆಯುವುದು ನಿಂತಿದೆ. ಆದರೆ ಈಗ ಬಾಗಿಲಿನ ಮುಂದೆ ಸಬ್ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಸಬ್ ಗೇನ್ ಸ್ವಲ್ಪ ಏರಿಸಲಾ?

ವೈರಿಂಗ್ ವಿಜಯಪುರ:
ಮುಟ್ಟುವ ಮುಂಚಿನ 24 ನೋಡಿ ಆಶ್ಚರ್ಯವಾಗಲಿಲ್ಲ. 17.3 ಕಂಪನಿ ಖಾತ್ರಿ ಕೊಡುವ ಅಂಕಿ, ಸ್ಪೀಕರ್ ಬಿಚ್ಚಿದಾಗ ಆಂಪ್ ಸ್ವಲ್ಪ ಮೇಲೆ ಹೋಗುತ್ತದೆ. ಜೊತೆಗೆ ಅಲೆ ಚೌಕವಾದಾಗ ಸಾದಾ ಮೀಟರ್ ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ.

ಸಬ್ ಏರಿಸಬೇಡಿ. ಬಾಗಿಲಿನ ಗೇನ್ ಸ್ವಲ್ಪ ಇಳಿಸಿ. ಮೀಟರ್ ಎತ್ತಿಡಿ, ಈಗ ಕಿವಿಗೆ ಕೆಲಸ ಕೊಡಿ. ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಚ್ಚಿ, ಸಬ್ ಡಿಕ್ಕಿಯಲ್ಲಿದೆ ಎನ್ನುವುದು ಮರೆತುಹೋಗುವ ತನಕ ಬಾಗಿಲು ಇಳಿಸುತ್ತಾ ಬನ್ನಿ. ಅದಕ್ಕೂ ಮುಂಚೆ ಬಾಗಿಲಿಗೆ ಹೈ ಪಾಸ್ (ಬೇಸ್ ತಡೆಯುವ ಫಿಲ್ಟರ್) 80 ಹರ್ಟ್ಸ್, ಸಬ್‌ಗೆ ಲೋ ಪಾಸ್ 80 ಹರ್ಟ್ಸ್ ವಾಪಸ್ ಹಾಕಿದ್ದೀರಾ ನೋಡಿ. ಸಬ್‌ನ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ ಕೂಡ 0 ಮತ್ತು 180 ಎರಡರಲ್ಲೂ ಕೇಳಿ, ಬೇಸ್ ಯಾವುದರಲ್ಲಿ ತುಂಬಿ ಬರುತ್ತದೋ ಅದು ಇರಲಿ. ಎಷ್ಟೋ ಸಲ ಕೊರತೆ ಅಲ್ಲೇ ಇರುತ್ತದೆ.

ತಿಲಕವಾಡಿ ಸ್ವಿಫ್ಟ್:
ಫೇಸ್ ಸ್ವಿಚ್ಚೇ! 180ಕ್ಕೆ ಹಾಕಿದ ತಕ್ಷಣ ಬೇಸ್ ಮುಂದೆ ಬಂತು. ಗೇನ್ ಮುಟ್ಟಲೇ ಇಲ್ಲ. ಮುಂದೆ ಸ್ಟೀರಿಯೊ ಬದಲಿಸಿದರೆ ಇದೆಲ್ಲಾ ಮತ್ತೆ ಮಾಡಬೇಕಾ?

ವೈರಿಂಗ್ ವಿಜಯಪುರ:
ಮಾಡಬೇಕು. ಆರ್‌ಸಿಎ ವೋಲ್ಟೇಜ್ ಬದಲಾದರೆ ಗೇನ್ ಮೊದಲಿಂದ. 4 ವೋಲ್ಟ್ ಕೊಡುವ ಸ್ಟೀರಿಯೊ ಸಿಕ್ಕರೆ ಗೇನ್ ಇನ್ನೂ ಕೆಳಗೆ ನಿಲ್ಲುತ್ತದೆ, ಹಿನ್ನೆಲೆಯ ಸುಯ್ಯೆನ್ನುವ ಸದ್ದೂ ಕಡಿಮೆಯಾಗುತ್ತದೆ. ಸ್ಪೀಕರ್ ಬದಲಿಸಿದರೂ ಓಮ್, ವ್ಯಾಟ್ ನೋಡಿ ಲೆಕ್ಕ ಹೊಸದಾಗಿ ಹಾಕಿ. ಬ್ಯಾಟರಿ ಬದಲಿಸಿದ್ದಕ್ಕೆ ಬೇಕಿಲ್ಲ.